ಇದೊಂದು ಸೀಸನ್ ಮುಗೀಲಿ

ದಸರಾ ಮುಗಿದ ಮೇಲೆ ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕಿ ಚೀಲದ ಮೇಲೆ ಕೂತು ಗೋವಾ ಬಸ್ಸಿಗೆ ಕಾಯುವವನೊಬ್ಬ ಕಂಡರೆ, ಅವನೇ ಗೋವಾ ಮಾಮಾ. "ಎಲ್ಲಿಗೆ ಹೊಂಟಿ ಮಾಮಾ?" ಎಂದು ಕೇಳಿದರೆ ಊರಿನ ಹೆಸರು ಬಾಯಿಗೆ ಬರುವುದಿಲ್ಲ. "ಇದೊಂದು ಸೀಸನ್ ಮುಗೀಲಿ, ಆಮ್ಯಾಲೆ ಇಲ್ಲೇ ಇದ್ದುಬಿಡ್ತೀನಿ" ಎನ್ನುತ್ತಾನೆ. ಮೊದಲ ಸಲ ಈ ಮಾತು ಆಡಿದಾಗ ಅವನಿಗೆ ಮೀಸೆ ಚಿಗುರುತ್ತಿತ್ತು. ಈಗ ಅದಕ್ಕೆ ಡೈ ಹಚ್ಚುತ್ತಾನೆ.

ಇವನು ಒಬ್ಬನೇ ಎಂದು ತಿಳಿಯಬೇಡಿ. ಮುಂಡಗೋಡದ ಮಾಮಾ ಗೌಂಡಿ ಕೆಲಸಕ್ಕೆ ವಾಸ್ಕೋ ಕಡೆ ಹೋಗುತ್ತಾನೆ, ಜೋಯಿಡಾದವನು ಹೋಟೆಲಿನ ಅಡುಗೆಮನೆಗೆ, ದಾಂಡೇಲಿಯವನು ಡ್ರೈವರಿಕೆಗೆ. ನಮ್ಮ ಹಳಿಯಾಳದ ಮಾಮಾ ಮಾತ್ರ ಕಲಂಗುಟದ ಬೀಚಿನ ಶ್ಯಾಕಿನಲ್ಲಿ ವೇಟರ್. ಆ ಕೆಲಸಕ್ಕೆ ಒಂದು ತೂಕ ಇದೆ, ಯಾಕೆಂದರೆ ಫಾರಿನ್ನವರ ಜೊತೆ ಒಡನಾಟ.

ಬಸ್ಸು ರಾಮನಗರದಲ್ಲಿ ಚಹಾಕ್ಕೆ ನಿಲ್ಲುತ್ತದೆ. ನಮ್ಮ ಊರು ಕಾಯಂ ಎಂದು ನಂಬಿಕೊಂಡಿದ್ದ ಸೂಪಾದವರು ಅಣೆಕಟ್ಟಿನ ನೀರಿಗೆ ಮನೆಮಠ ಬಿಟ್ಟುಬಂದು ನೆಲೆ ಕಂಡುಕೊಂಡ ಜಾಗ ಅದು. ಮಾಮಾನಿಗೆ ಅದೆಲ್ಲ ಬೇಡ. ಅವನ ಲಕ್ಷ್ಯವೆಲ್ಲ ಮುಂದಿನ ಅನಮೋಡ ಚೆಕ್‌ಪೋಸ್ಟಿನ ಮೇಲೆ. ಹೋಗುವಾಗ ಅಲ್ಲಿ ಯಾರೂ ಕೇಳುವುದಿಲ್ಲ, ಬರುವಾಗ ಬ್ಯಾಗು ಬಿಚ್ಚಿಸುತ್ತಾರೆ, ಬಾಟ್ಲಿ ಹುಡುಕುತ್ತಾರೆ. ಅವನ ಅಜ್ಜನ ಕಾಲದಲ್ಲಿ ಗೋವಾ ಖರೇಖರೇ ಪರದೇಶವಾಗಿತ್ತು. 1961ರ ಡಿಸೆಂಬರ್ 19ರಂದು ಪೋರ್ತುಗೀಸರು ಶರಣಾಗುವವರೆಗೂ ಭಾರತದ ಕೊನೆಯ ಸ್ಟೇಶನ್ನು ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್. ಅಲ್ಲಿ ರೈಲು ನಿಲ್ಲಿಸಿ ಸುಂಕದವರು ಪೆಟ್ಟಿಗೆ ತೆಗೆಸುತ್ತಿದ್ದರು. ಅಜ್ಜನ ಪೆಟ್ಟಿಗೆ, ಮೊಮ್ಮಗನ ಬ್ಯಾಗು. ಈ ಮನೆತನದ ಸಾಮಾನಿನ ಮೇಲೆ ಸರಕಾರಗಳ ಪ್ರೀತಿ ಇಂದಿಗೂ ಕಡಿಮೆಯಾಗಿಲ್ಲ.

ಕಲಂಗುಟದ ಒಳಗಿನ ಓಣಿಯಲ್ಲಿ ಮಾಮಾನದು ಬಾಡಿಗೆ ಖೋಲಿ, ಐದು ಜನ ಸೇರಿ. ಮನೆಯೊಡೆಯನನ್ನು ಇವನು 'ಪಾತ್ರಾಂವ್' ಎನ್ನುತ್ತಾನೆ. ಬಾಡಿಗೆದಾರರ ಮಾಹಿತಿಯ ಫಾರ್ಮು ಪೊಲೀಸ್ ಠಾಣೆಗೆ ಕೊಡಬೇಕಲ್ಲ, ಅದರಲ್ಲಿ 'ಎಷ್ಟು ದಿನ ಇರುತ್ತೀರಿ' ಎಂದು ಕೇಳಿದಾಗಲೆಲ್ಲ ಮಾಮಾ ಗಂಭೀರವಾಗಿ "ಥೋಡೆ ದಿನ" ಎಂದೇ ಬರೆಸುತ್ತಾನೆ. ಬರೆದುಕೊಳ್ಳುವ ಪೇದೆಗಳು ವರ್ಗವಾಗಿ ಹೋದರು, ಬಡ್ತಿ ಪಡೆದರು, ನಿವೃತ್ತರೂ ಆದರು. ಮಾಮಾನ ಥೋಡೆ ದಿನ ನಡೆದೇ ಇದೆ.

ಆ ಖೋಲಿಯ ಗೋಡೆಯನ್ನು ನೋಡಬೇಕು. ಒಂದು ಮೊಳೆ ಇಲ್ಲ. ಅಂಗಿಗಳೆಲ್ಲ ಕಿಟಕಿಯ ಸರಳಿಗೆ, ಕನ್ನಡಿ ಕಿಟಕಿಯ ಕಟ್ಟೆಗೆ ಆನಿಸಿದ್ದು, ಸವದತ್ತಿ ಎಲ್ಲಮ್ಮನ ಫೋಟೋ ಅಕ್ಕಿ ಚೀಲದ ಮೇಲೆ. ಅಕ್ಕಿ ಇಳಿದಂತೆ ದೇವಿಯೂ ಇಳಿಯುತ್ತಾಳೆ, ಹೊಸ ಚೀಲ ಬಂದರೆ ಮತ್ತೆ ಮೇಲೇರುತ್ತಾಳೆ. "ಒಂದು ಮೊಳಿ ಹೊಡೀಬಾರದೇನೋ ಮಾಮಾ?" ಎಂದರೆ, "ಹೋಗೋರಿಗ್ಯಾಕ ಮೊಳಿ?" ಗೋವಾದ ಉಕಡೆ ಅಕ್ಕಿ ಅವನ ಗಂಟಲಲ್ಲಿ ಇಳಿಯುವುದಿಲ್ಲ. ಬೆಳಿಗ್ಗೆ ಪೊದೇರ ಸೈಕಲ್ಲಿನ ಹಾರ್ನು ಪೊಂಯ್ ಪೊಂಯ್ ಎಂದಾಗ ಮಾತ್ರ ಓಡಿಹೋಗಿ ಬಿಸಿ ಪಾವು ತಂದು, ಅದರ ಹೊಟ್ಟೆ ಸೀಳಿ, ಹೆಂಡತಿ ಕಟ್ಟಿಕೊಟ್ಟ ಶೇಂಗಾ ಚಟ್ನಿ ತುಂಬಿ ತಿನ್ನುತ್ತಾನೆ. ಪೋರ್ತುಗೀಸರ ನಾಲ್ಕೂವರೆ ಶತಮಾನದ ಆಳ್ವಿಕೆಗೆ ಹಳಿಯಾಳ ಕೊಟ್ಟ ಉತ್ತರ ಅದು ಅಂತ ನನ್ನ ಅಭಿಪ್ರಾಯ.

ನ್ಯಾಯವಾಗಿ ನೋಡಿದರೆ ತಪ್ಪು ಅವನದಲ್ಲ. ಅವನು ದುಡಿಯುವ ಶ್ಯಾಕೇ ಕಾನೂನಿನ ಪ್ರಕಾರ ತಾತ್ಪೂರ್ತಿಕ. ಬಿದಿರು, ಗರಿ, ಹಲಗೆಯಿಂದ ಕಟ್ಟಿ ಮಳೆಗಾಲಕ್ಕೆ ಬಿಚ್ಚಲೇಬೇಕು. ಆದರೆ ನಮ್ಮ ಮುಂಡಗೋಡವನ್ನೇ ನೋಡಿ. 1966ರಿಂದ ಅಲ್ಲಿ ನೆಲೆಸಿದ ಟಿಬೆಟನ್ನರು 'ಇವತ್ತಲ್ಲ ನಾಳೆ ತಿರುಗಿ ಹೋಗುವವರು' ಎನ್ನುತ್ತಲೇ ಗೋವಿನಜೋಳ ಬೆಳೆದರು, ಗಾದೆನ್, ಡ್ರೆಪುಂಗ್ ಮಠಗಳನ್ನು ಎಬ್ಬಿಸಿದರು, ಮುಗಿಲಿಗೆ ಬಂಗಾರದ ಕಳಸ ಇಟ್ಟರು. ಹೋಗುವವರು ಅಂದರೆ ಹಾಗಿರಬೇಕು. ಮಾಮಾನ ಮುಂದೆ ಈ ಮಾತು ತೆಗೆದೆ. "ಅವರಿಗೆ ಹಿಂದ ಹೋಗಾಕ ಆಗೂದಿಲ್ಲರಿ, ಅದಕ್ಕ ಕಟ್ಯಾರ. ನಮಗ ರಾತ್ರಿ ಬಸ್ ಐತಿ" ಎಂದ. ಉತ್ತರ ಹೊಳೆಯಲಿಲ್ಲ.

ಸಮುದ್ರದ ವಿಷಯ ಕೇಳಿದರೆ ನಿಮಗೆ ನಿರಾಶೆಯಾದೀತು. ಇಷ್ಟು ವರ್ಷ ಅದರ ಎದುರು ನಿಂತವನು ಮೊಣಕಾಲು ದಾಟಿ ನೀರಿಗೆ ಇಳಿದಿಲ್ಲ. ಗಾಳಿಗೆ ಛತ್ರಿ ಹಾರಿದಾಗ, ಬಿಲ್ಲು ಕೊಡದೆ ಗಿರಾಕಿ ಈಜಲು ಹೋದಾಗ ಮಾತ್ರ ಆ ಕಡೆ ದೃಷ್ಟಿ. ಭಾಷೆಗಳಲ್ಲಿ ಮಾತ್ರ ಅವನು ಪಂಡಿತ. ರಷ್ಯನ್ನರಿಗೆ 'ಪ್ರಿವ್ಯೆತ್', ಇಂಗ್ಲಿಷರಿಗೆ 'ಮೈ ಫ್ರೆಂಡ್', ಪಾತ್ರಾಂವನಿಗೆ ಕೊಂಕಣಿ, ಅಡುಗೆ ಭಟ್ಟನಿಗೆ ಹಿಂದಿ, ಎಲ್ಲರ ಬೆನ್ನ ಹಿಂದೆ ಕನ್ನಡ. ಸ್ಥಳೀಯರು ಘಟ್ಟದ ಮೇಲಿನವನೆಂದು 'ಘಾಟಿ' ಅಂದರೆ ಮಾತ್ರ ಮುಖ ಸಣ್ಣದಾಗುತ್ತದೆ. ಏಳು ಸಮುದ್ರ ದಾಟಿ ಬಂದವನು ಅತಿಥಿ, ಒಂದು ಘಾಟು ಇಳಿದುಬಂದವನು ಹೊರಗಿನವ. ಈ ಲೆಕ್ಕ ಅವನಿಗೆ ಇವತ್ತಿಗೂ ಬಗೆಹರಿದಿಲ್ಲ.

ಮೇ ಮುಗಿಯುತ್ತಲೇ ಶ್ಯಾಕು ಬಿಚ್ಚಿ ಮಾಮಾ ಭತ್ತದ ಬಿತ್ತನೆಗೆ ಊರಿಗೆ ಬರುತ್ತಾನೆ. ಬಂದ ದಿನದಿಂದ ಊರಿಗೆ ಶುರುವಾಗುತ್ತದೆ ಶಿಕ್ಷೆ. ಸಂತೆಯ ಮೀನಿನ ಕಿವಿರು ಎತ್ತಿ ನೋಡಿ ಮುಖ ಕಿವುಚುತ್ತಾನೆ. ಚಹಾದಂಗಡಿಯವನಿಗೆ ಟೇಬಲ್ ಒರೆಸುವ ಪಾಠ ಹೇಳುತ್ತಾನೆ. ಬರ್ಮುಡಾ ಹಾಕಿಕೊಂಡು ಗದ್ದೆಗೆ ಹೋಗುತ್ತಾನೆ. ದುಡ್ಡು ಕೂಡಿಸಿ ಕಟ್ಟಿದ ಮನೆಗೆ ಗೋವಾದವರಂತೆ ಮುಂದೆ ಬಲ್ಕಾಂವ್ ಮಾಡಿಸಿದ್ದಾನೆ. ಬಾಗಿಲ ಎರಡೂ ಕಡೆ ಎದುರುಬದುರು ಸಿಮೆಂಟಿನ ಆಸನ, ಗೋಡೆಗೆ ನೀಲಿ ಬಣ್ಣ. ಎಂಟು ತಿಂಗಳು ಅಲ್ಲಿ ಓಣಿಯ ಆಡುಗಳು ಎದುರುಬದುರು ಕೂತು ಮೆಲುಕು ಹಾಕುತ್ತವೆ.

ಕಳೆದ ಮಳೆಗಾಲದಲ್ಲಿ ಪಾತ್ರಾಂವನೇ ಸಂಸಾರ ಸಮೇತ ದಾಂಡೇಲಿಗೆ ಬಂದ. ಗೋವಾದವರಿಗೆ ನಮ್ಮ ದಾಂಡೇಲಿ ಪರದೇಶ ನೋಡಿ, ಕಾಡು, ರಿಸಾರ್ಟು, ಕಾಳಿ ನದಿ. ಬರುವ ಮೊದಲು ಫೋನಿನಲ್ಲಿ ರಾಫ್ಟಿಂಗ್ ಇದೆಯೇ ಎಂದು ಕೇಳಿದ್ದಕ್ಕೆ ಮಾಮಾ "ಬರ್ರಿ, ಎಲ್ಲಾ ಐತಿ" ಎಂದುಬಿಟ್ಟಿದ್ದ. ಮಳೆಗಾಲದಲ್ಲಿ ಅದು ಬಂದ್ ಇರುತ್ತದೆಂದು ಅವನಿಗಾದರೂ ಹೇಗೆ ಗೊತ್ತಿರಬೇಕು? ಹಳಿಯಾಳದಿಂದ ಕೂಗಳತೆಯ ಆ ಹೊಳೆಯನ್ನು ಅವನು ಬಸ್ಸಿನ ಕಿಟಕಿಯಿಂದಾಚೆ ನೋಡಿದವನೇ ಅಲ್ಲ. ಮಾನ ಉಳಿಸಿಕೊಳ್ಳಲು ಎಲ್ಲರನ್ನೂ ಮನೆಗೆ ಊಟಕ್ಕೆ ಕರೆದ.

ಪಾತ್ರಾಂವ್ ತೊಯ್ದು ತೊಪ್ಪೆಯಾಗಿ ಬಂದ. ಬಲ್ಕಾಂವ್ ನೋಡಿ ಖುಷಿಪಟ್ಟ. ಒಳಗೆ ಕಾಲಿಟ್ಟು ರೇನ್‌ಕೋಟು ಬಿಚ್ಚಿ, ಸಿಗಿಸಲು ಗೋಡೆ ನೋಡಿದ. ಈ ಗೋಡೆ ನೋಡಿದ, ಆ ಗೋಡೆ ನೋಡಿದ. ನೀರು ತೊಟ್ಟಿಕ್ಕುವ ಕೋಟು ಹಿಡಿದು ನಡುಮನೆಯವರೆಗೂ ಹೋಗಿಬಂದ. ಮಾಮಾ ಓಡಿಬಂದು ಅದನ್ನು ಕಸಿದುಕೊಂಡು ಕಿಟಕಿಯ ಸರಳಿಗೆ ಸಿಕ್ಕಿಸಿದ.

"ಕೊಡ್ರಿ ಪಾತ್ರಾಂವ್, ಇಲ್ಲೇ ಇರ್ಲಿ. ನಾನು ಇರೋದು ನಾಕು ತಿಂಗಳು, ಅಷ್ಟಕ್ಕ್ಯಾಕ ಅಂತ ಮೊಳಿ ಹೊಡಿಸಿಲ್ಲರಿ."