ಹವಳಕ್ಕೆ ಆರೈಕೆಯ ಕಾಟ

ಅಮೆರಿಕದ ಮನೆಗಳ ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಸೊರಗಿದರೆ ಮೊದಲು ಹಿಡಿಯಬೇಕಾದ್ದು ಔಷಧದ ಬಾಟಲಿಯನ್ನಲ್ಲ, ಯಜಮಾನರ ಕೈಯನ್ನು. ನೀರಿನ ಕ್ಷಾರತೆ ಡಿಕೆಎಚ್ ಎಂಬ ಮಾನದಲ್ಲಿ 8ರಲ್ಲೋ 9ರಲ್ಲೋ ಅಲುಗದೆ ನಿಂತಿದ್ದರೆ ಹವಳ ತಕರಾರಿಲ್ಲದೆ ಸುಣ್ಣದ ಗೂಡು ಕಟ್ಟುತ್ತದೆ. ಸೋಮವಾರ 7, ಮಂಗಳವಾರ 11 ಮಾಡಿದರೆ ತುದಿಗಳು ಸುಟ್ಟು ಬಿಳಿಚುತ್ತವೆ. "ನೀರು ಸ್ಫಟಿಕದ ಹಾಗಿದೆಯಲ್ಲ ಸ್ವಾಮಿ!" ಎನ್ನಬಹುದು. ತಾಪತ್ರಯವೇ ಅದು: ನೈಟ್ರೇಟು, ಫಾಸ್ಫೇಟು ಎರಡೂ ಸೊನ್ನೆಗಿಳಿದರೆ ಹವಳದ ಒಡಲಲ್ಲಿದ್ದು ಅಡುಗೆ ಮಾಡಿಹಾಕುವ ಪಾಚಿಗೇ ಉಪವಾಸ. ಹಾಗಾದರೆ ಕೈಕಟ್ಟಿ ಕೂರಬೇಕೇ? ಬೇಡ, ಹವಳ ತಿನ್ನುವ ಹುಳು ತಾಳ್ಮೆಗೆ ಮಣಿಯುವುದಿಲ್ಲ. ಹುಳುವಿಲ್ಲವೆಂದು ಖಾತ್ರಿಯಾದರೆ ಉಪ್ಪು ಸಾವಿರಕ್ಕೆ 35, ಶಾಖ 25 ಡಿಗ್ರಿ ಇದೆಯೇ ಅಳೆದು, ಒಮ್ಮೆಗೆ ಒಂದನ್ನೇ ಬದಲಿಸಿ ಕಾಯಬೇಕು. ಭಾರತದಲ್ಲಂತೂ ಈ ಪೀಕಲಾಟವೇ ಬೇಡ: ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯ ಜೊತೆಗೇ.