ಕಬ್ಬಿನ ಬಿಲ್ಲು ಬರ್ಲಿ, ಆಮ್ಯಾಲ ನೋಡೋಣ

ನಿಡಸೋಸಿಯ ಆ ಓಣಿಗೆ ಬೀಗರ ಗಾಡಿ ಹೊಕ್ಕಿತೆಂದರೆ ಹಿತ್ತಲಲ್ಲಿ ಒಂದು ಬೈಕು ಚಾಲೂ ಆಗುತ್ತದೆ. ಸದ್ದು ಕೇಳಿಸಿದ್ದೇ ತಡ, ಅವ್ವ ಒಲೆಯ ಮೇಲಿನ ಚಹಾಕ್ಕೆ ಹಾಕಬೇಕಿದ್ದ ಸಕ್ಕರೆಯಲ್ಲಿ ಒಂದು ಚಮಚ ವಾಪಸ್ ಡಬ್ಬಿಗೆ ಸುರಿಯುತ್ತಾಳೆ.

"ಎಲ್ಲಿ ಹೋದ ಯಕ್ಕಾ ನಿನ್ನ ಮಗಾ?"

"ಹೊಲಕ್ಕ ನೀರ ಹಾಯ್ಸಾಕ ಹೋಗ್ಯಾನೋ ತಮ್ಮಾ."

ಹೊರಗೆ ಧೋ ಎಂದು ಮಳೆ.

ಮಗನಿಗೆ ಇಪ್ಪತ್ತೆಂಟು. ಕಾಯ್ದೆ ಗಂಡಿಗೆ ಹಾಕಿಕೊಟ್ಟ 21ರ ಗೆರೆ ದಾಟಿ ಏಳು ವರ್ಷವಾಯಿತು. ಇವನಿಗೆ ಹೆಸರು ಬೇಡ, ಹುಕ್ಕೇರಿ ಸೀಮೆಯಲ್ಲಿ ಓಣಿಗೊಬ್ಬ ಸಿಗುತ್ತಾನೆ. ಮುತ್ಯಾನ ಕಾಲದಲ್ಲಾದರೆ ಇಂಥವರು ನಾಟಕ ಕಂಪನಿ ಸೇರುತ್ತಿದ್ದರು; ಗೋಕಾಕ ಬದಿಯ ಕೊಣ್ಣೂರಿನಿಂದಲೇ ಹೆಸರುವಾಸಿ ಕಂಪನಿ ಹೊರಟಿತ್ತು. ಇವನಿಗೆ ಪುಣೆ-ಬೆಂಗಳೂರು ಹೆದ್ದಾರಿಯೇ ಕಂಪನಿ. ಈ ಕಡೆ ಬೆಳಗಾವಿ, ಆ ಕಡೆ ಕೊಲ್ಲಾಪುರ, ಟಾಕಿಯಲ್ಲಿ ಯಾವತ್ತೂ ಎರಡು ಲೀಟರ್ ಪೆಟ್ರೋಲ್.

ಆವತ್ತು ಮಾತ್ರ ಸಿಕ್ಕಿಬಿದ್ದ. ಗೋಕಾಕ ಫಾಲ್ಸಿಗೆ ಹೋಗಿ, ಘಟಪ್ರಭೆ 52 ಮೀಟರ್ ಧುಮುಕುವುದಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆದು ಸ್ಟೇಟಸ್ಸಿಗೆ ಹಾಕಿದ. ಇತ್ತ ಪಡಸಾಲೆಯಲ್ಲಿ ಸೋದರಮಾವ ಬೀಗರಿಗೆ ಹುಡುಗನ ಫೋಟೋ ತೋರಿಸಲೆಂದು ಮೊಬೈಲ್ ತೆಗೆದರೆ, ಮೊದಲು ಬಂದದ್ದೇ ಅದು. "ನೀರು ಭಾಳ ಹಾಯ್ಸಾಕತ್ಯಾನ ಬಿಡ್ರಿ," ಎಂದರಂತೆ ಬೀಗರು.

ಇವನ ದೊಡ್ಡ ಆಸರೆ ಕಬ್ಬು. ಲಗ್ನದ ಮಾತು ಎತ್ತಿದರೆ "ಬಿಲ್ಲು ಬರ್ಲಿ" ಅನ್ನುತ್ತಾನೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಸಂದಾಯವಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ತಡವಾದರೆ ಊರೆಲ್ಲ ಬೈಯುವಾಗ ಇವನೊಬ್ಬನಿಗೆ ಒಳಗೊಳಗೇ ನಿರಾಳ.

ಮದುವೆಯೆಂದರೆ ಆಗದವನೇನಲ್ಲ. ಗೆಳೆಯರ ಮದುವೆಗಳಲ್ಲಿ ಬುಂದೆ ಬಡಿಸುವವನೂ ಇವನೇ, ಡಾಲ್ಬಿ ಮುಂದೆ ಅಂಗಿ ಬೆವರಿ ಹಿಂಡುವಂತೆ ಕುಣಿಯುವವನೂ ಇವನೇ. ಹುಡುಗಿಯ ಭಯವೂ ಇದ್ದಂತಿಲ್ಲ. ಅಪ್ಪ ಒಮ್ಮೆ, "ಲಗ್ನಾದ ಮ್ಯಾಲ ಉತಾರದಾಗ ನಿನ್ನ ಹೆಸರ ಏರಸ್ತೀನಿ, ಸೊಸಾಯಿಟಿ ಸಾಲಾನೂ ನೀನ ನೋಡ್ಕೋ," ಅಂದಿದ್ದ. ಬೈಕಿನ ಚಾವಿ ದಿಂಬಿನ ಕೆಳಗಿಟ್ಟು ಮಲಗುವ ರೂಢಿ ಶುರುವಾದದ್ದು ಆ ರಾತ್ರಿಯಿಂದ.

2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ರೈತ ಯುವಕರು ಕನ್ಯೆ ಸಿಗಲೆಂದು ಬೇಡಿಕೊಳ್ಳಲು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ಆ ಸುದ್ದಿ ಟಿವಿಯಲ್ಲಿ ಬಂದಾಗ ಇವನು ಬಿದ್ದು ಬಿದ್ದು ನಕ್ಕಿದ್ದ.

ಮೊನ್ನೆ ಶಿವರಾತ್ರಿ ಜಾತ್ರೆಯಲ್ಲಿ ಮಾವ ಎದುರಾದ. ಇವನು ತೇರಿನ ಮಂದಿಯೊಳಗೆ ನುಸುಳಬೇಕೆನ್ನುವಷ್ಟರಲ್ಲಿ ಮಾವನೇ ಕೈ ಅಲ್ಲಾಡಿಸಿದ. "ಓಡಬ್ಯಾಡೋ. ಆ ಹುಡುಗಿ ಒಲ್ಲೆ ಅಂದ್ಲಂತ. ಪುಣೆದಾಗ ನೌಕರಿ ಹತ್ತೈತಿ."

ಇವನು ನಿಂತ. ಕೈಯಲ್ಲಿದ್ದ ಚುರುಮುರಿ ಹಾಗೇ ಉಳಿಯಿತು.

"ಒಲ್ಲೆ ಅಂದ್ಲಾ? ಯಾಕಂತ? ನನ್ನಾಗ ಏನ್ ಕಡಿಮಿ ಐತಿ ಮಾವಾ?"