ಪದರಗಳ ಕಾವಲುಗಾರ

ಪಾರದರ್ಶಕ ರೆಸಿನ್ನನ್ನು ಪದರದ ಮೇಲೆ ಪದರವಾಗಿ ಸುರಿದು ಚಿತ್ರ ಮಾಡುವ ಹವ್ಯಾಸಿ ಕಲಾವಿದ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಧಾರಾಳವಾಗಿ ಕಾಣಸಿಗುತ್ತಾನೆ. ವಯಸ್ಸು ಮೂವತ್ತೈದರಿಂದ ಐವತ್ತರೊಳಗೆ. ಹಗಲಿಗೆ ಕಂಪ್ಯೂಟರಿನ ನೌಕರಿ. ವಾಸಸ್ಥಾನ ಅಡುಗೆಮನೆಯ ಹಿಂದಿನ ಯುಟಿಲಿಟಿ, ಅಂದರೆ ವಾಷಿಂಗ್ ಮೆಷಿನ್ನಿಗೂ ಪಾತ್ರೆ ತೊಳೆಯುವ ಸಿಂಕಿಗೂ ನಡುವೆ ಉಳಿದ ಜಾಗ. ಅದನ್ನು ಅವನು ‘ಸ್ಟುಡಿಯೋ’ ಎನ್ನುತ್ತಾನೆ. ಮನೆಯ ಉಳಿದವರು ‘ಅಲ್ಲಿ’ ಎನ್ನುತ್ತಾರೆ. ಹೆಂಗಸರಲ್ಲೂ ಈ ಜಾತಿಯವರಿದ್ದಾರೆ, ಬಹುಶಃ ಗಂಡಸರಿಗಿಂತ ಹೆಚ್ಚೇ ಇದ್ದಾರೆ. ಆದರೆ ಅವರು ಆರತಿ ತಟ್ಟೆ, ಗೋಡೆ ಗಡಿಯಾರ, ಮದುವೆ ಹಾರ ಹುದುಗಿಸಿದ ಫಲಕ ಎಂದೆಲ್ಲ ಮಾಡಿ ಮಾರಿ ದುಡ್ಡು ನೋಡುವುದರಿಂದ ಕಸುಬುದಾರರ ಸಾಲಿಗೆ ಸೇರುತ್ತಾರೆ. ಇಲ್ಲಿ ಹೇಳುತ್ತಿರುವುದು ಏನನ್ನೂ ಮಾರದವನ ಸಂಗತಿ.

ಗೀಳು ಹಿಡಿಸುವುದು ಬಹುತೇಕ ಒಂದು ಮೀನು. 1973ರಲ್ಲಿ ಹುಟ್ಟಿದ ಜಪಾನಿನ ಕಲಾವಿದ ರ್ಯೂಸುಕೆ ಫುಕಾಹೊರಿ ಮರದ ಅಳತೆ ಪೆಟ್ಟಿಗೆಯೊಳಗೆ ತೆಳುವಾಗಿ ರೆಸಿನ್ ಸುರಿದು, ಅದು ಗಟ್ಟಿಯಾದ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಮೀನಿನ ಒಂದಿಷ್ಟು ಭಾಗ ಬರೆಯುತ್ತಾರೆ. ಮತ್ತೆ ಸುರಿಯುತ್ತಾರೆ, ಮತ್ತೆ ಬರೆಯುತ್ತಾರೆ. ಕೆಳಗಿನ ಪದರಗಳಲ್ಲಿ ಹೊಟ್ಟೆಯ ಕಡೆಯ ರೆಕ್ಕೆ, ನಡುವೆ ಮೈ, ಮೇಲೆ ಬೆನ್ನು. ಎಲ್ಲ ಮುಗಿದ ಮೇಲೆ ಮೇಲಿನಿಂದ ಬಗ್ಗಿ ನೋಡಿದರೆ ಪೆಟ್ಟಿಗೆಯ ತುಂಬ ನೀರು, ನೀರಿನಲ್ಲಿ ಈಜುವ ಚಿನ್ನದ ಮೀನು, ತಳದಲ್ಲಿ ಅದರ ನೆರಳು. ಈ ಕೆಲಸವನ್ನು ತೋರಿಸುವ ವಿಡಿಯೋ ಕೆಲವೇ ನಿಮಿಷದ್ದು. ಪದರ ಪದರಕ್ಕೂ ನಡುವೆ ಕಾದು ಕುಳಿತ ಹೊತ್ತನ್ನು ಅದರಲ್ಲಿ ಕತ್ತರಿಸಿ ತೆಗೆದಿರುತ್ತಾರೆ. ನಮ್ಮ ಕಲಾವಿದನ ಮುಂದಿನ ಆಯಸ್ಸೆಲ್ಲ ಆ ಕತ್ತರಿಸಿದ ಭಾಗದಲ್ಲೇ ಕಳೆಯುತ್ತದೆ.

ಸಾಮಗ್ರಿಯ ವಿಚಾರ. ರೆಸಿನ್ ಎಂದರೆ ಇಲ್ಲಿ ಎಪಾಕ್ಸಿ, ಮುರಿದ ಕುರ್ಚಿಗೂ ಕಿತ್ತ ಹಿಡಿಕೆಗೂ ಎಲ್ಲರ ಮನೆಯಲ್ಲೂ ಬಳಸುವ ಅರಾಲ್ಡೈಟಿನ ಕುಲದ್ದೇ. ಕಳೆದ ಶತಮಾನದ ಮೂವತ್ತು-ನಲವತ್ತರ ದಶಕಗಳಲ್ಲಿ ಇದನ್ನು ರೂಪಿಸಿದವರಲ್ಲಿ ಒಬ್ಬನಾದ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ ಹುಡುಕುತ್ತಿದ್ದದ್ದು ಕಟ್ಟಿಸಿದ ಹಲ್ಲಿಗೆ ಒದಗುವ ವಸ್ತುವನ್ನು. ಹಲ್ಲಿನವರ ಬಳಿ ಅದು ನಿಲ್ಲಲಿಲ್ಲ. ಅಂಟಾಯಿತು, ನೆಲದ ಲೇಪವಾಯಿತು, ವಿಮಾನದ ಭಾಗವಾಯಿತು, ಈಗ ಯುಟಿಲಿಟಿಗೆ ಬಂದಿದೆ. ಬರುವುದು ಎರಡು ಬಾಟಲಿಗಳಲ್ಲಿ: ‘ಎ’ ರೆಸಿನ್, ‘ಬಿ’ ಹಾರ್ಡನರ್. ಬೇರೆಬೇರೆ ಇದ್ದಷ್ಟು ಕಾಲ ಎರಡೂ ಸಾಧು. ಬೆರೆಸಿದ ಕ್ಷಣದಿಂದ ಒಂದರ ಅಣುಗಳು ಇನ್ನೊಂದರ ಅಣುಗಳೊಂದಿಗೆ ಹೆಣೆದುಕೊಳ್ಳತೊಡಗುತ್ತವೆ, ಕಾವು ಏಳುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ದ್ರವ ಕೈಮೀರುತ್ತದೆ. ಇದು ಒಣಗುವುದಲ್ಲ, ಹಿಂದಿರುಗಲಾಗದ ರಾಸಾಯನಿಕ ಕ್ರಿಯೆ. ಹಾಗಾಗಿ ಫ್ಯಾನಿನ ಕೆಳಗಿಟ್ಟು ಬೇಗ ಮುಗಿಸುವ ದಾರಿಯಿಲ್ಲ. ಮನೆಯವರು ಇದನ್ನು ಒಪ್ಪುವುದಿಲ್ಲ. “ಫ್ಯಾನ್ ಹಾಕ್ಬಾರ್ದೇನೋ, ಹಪ್ಪಳ ಒಣಗಲ್ವಾ?” ಎಂದು ತಾಯಿ ಕೇಳುತ್ತಲೇ ಇರುತ್ತಾರೆ.

ಬೆರೆಸುವ ಅಳತೆಯಲ್ಲೇ ಈ ಜಾತಿಯ ಮೊದಲ ಸೋಲು. ಡಬ್ಬಿಯ ಮೇಲೆ ಎರಡಕ್ಕೆ ಒಂದು ಎಂದಿರುತ್ತದೆ. ಅದು ತೂಕದಲ್ಲೋ ಗಾತ್ರದಲ್ಲೋ ಎನ್ನುವುದು ಸಣ್ಣ ಅಕ್ಷರದಲ್ಲಿರುತ್ತದೆ. ರೆಸಿನ್ ಹಾರ್ಡನರಿಗಿಂತ ಭಾರವಾದ್ದರಿಂದ ಎರಡೂ ಲೆಕ್ಕ ಒಂದಾಗುವುದಿಲ್ಲ. ತಪ್ಪಿದರೆ ಚಿತ್ರ ಎಷ್ಟು ದಿನ ಕಾದರೂ ಅಂಟಂಟಾಗಿಯೇ ಉಳಿಯುತ್ತದೆ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಒಂದು ಚಮಚ ಹೆಚ್ಚು ಹಾಕುವುದು ಎರಡನೆಯ ಸೋಲು: ಜೊತೆ ಸಿಗದ ಹಾರ್ಡನರ್ ಒಳಗೇ ಉಳಿದು ಚಿತ್ರವನ್ನು ಇನ್ನಷ್ಟು ಮೆತ್ತಗಾಗಿಸುತ್ತದೆ. ಮೂರನೆಯದು ಲೋಟದ್ದು. ಬೆರೆಸಿದ್ದನ್ನು ಕೂಡಲೇ ಹರಡದೆ ಕಿರಿದಾದ ಲೋಟದಲ್ಲೇ ಬಿಟ್ಟು ಫೋನ್ ಎತ್ತಿಕೊಂಡರೆ, ಹೋಗಲು ಜಾಗವಿಲ್ಲದ ಕಾವು ತನ್ನನ್ನು ತಾನೇ ಏರಿಸಿಕೊಂಡು ಪ್ಲಾಸ್ಟಿಕ್ ಲೋಟವನ್ನು ಸೊಟ್ಟ ಮಾಡಿ ಹೊಗೆ ಎಬ್ಬಿಸುತ್ತದೆ. ಪ್ಲಾಸ್ಟಿಕ್ ಸೊಟ್ಟಗಾದ ಮೇಲೆ ಅಡುಗೆಮನೆಯ ಸ್ಟೀಲ್ ಲೋಟಗಳು ಒಂದೊಂದಾಗಿ ಕಾಣೆಯಾಗತೊಡಗುತ್ತವೆ. ಹಾಗೆ ಹೋದವು ತಿರುಗಿ ಬರುವಂತಿಲ್ಲ, ಬರಲೂಬಾರದು.

ಸುರಿಯುವ ದಿನ ಮನೆಯಲ್ಲಿ ಮಡಿ. ಫ್ಯಾನ್ ಬಂದ್, ಕಸ ಗುಡಿಸುವಂತಿಲ್ಲ, ಉಣ್ಣೆ ಬಟ್ಟೆ ತೊಟ್ಟವರು ಯುಟಿಲಿಟಿಯತ್ತ ಸುಳಿಯುವಂತಿಲ್ಲ. ಚಿತ್ರದ ಹಲಗೆಯ ಅಡಿಗೆ ಸೋರದಂತೆ ಟೇಪು, ಹಲಗೆಯ ಮೇಲೆ ಗಾರೆ ಕೆಲಸದವರ ರಸಮಟ್ಟ. ರೆಸಿನ್ ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ; ಮೇಜು ಕೂದಲೆಳೆಯಷ್ಟು ವಾಲಿದ್ದರೂ ಚಿತ್ರದ ಕೊಳದ ನೀರು ಒಂದು ದಡಕ್ಕೆ ಸರಿದಿರುತ್ತದೆ. ಕಟ್ಟಡದ ನೆಲ ಸರಿಯಿಲ್ಲ ಎನ್ನುವುದನ್ನು ಅಪಾರ್ಟ್‌ಮೆಂಟಿನಲ್ಲಿ ಎಲ್ಲರಿಗಿಂತ ಮೊದಲು ಪತ್ತೆ ಹಚ್ಚಿ ಅಸೋಸಿಯೇಷನ್ ಸಭೆಯಲ್ಲಿ ಎದ್ದು ನಿಲ್ಲುವವನು ಇವನೇ. ಬಾಟಲಿಗಳನ್ನು ಬಿಸಿನೀರಿನಲ್ಲಿ ಇರಿಸಿದರೆ ಚಳಿಗೆ ಬಿಗಿದಿದ್ದ ರೆಸಿನ್ ಎಳೆಪಾಕದ ಹದಕ್ಕೆ ಸಡಿಲವಾಗುತ್ತದೆ. ಐಸ್‌ಕ್ರೀಮ್ ಕಡ್ಡಿಯಿಂದ ನಾಲ್ಕೈದು ನಿಮಿಷ, ನಿಧಾನ, ಅಂಚು ತಳ ಕೆರೆದು ಕಲಕಬೇಕು. ಜೋರಾಗಿ ಕಲಕಿದರೆ ಗುಳ್ಳೆ. ಮಾತಾಡಿಸಿದರೆ ಜೋರು. ಆದ್ದರಿಂದ ಮಾತಾಡಿಸುವಂತಿಲ್ಲ. ಸುರಿದ ಮೇಲೆ ಎದ್ದ ಗುಳ್ಳೆಗಳ ಮೇಲೆ ಸಣ್ಣ ಗ್ಯಾಸ್ ಟಾರ್ಚಿನ ಉರಿಯನ್ನು ಹಾಯಿಸುತ್ತಾನೆ. ಮೇಲ್ಮೈ ಬಿಸಿಯಾಗಿ ತೆಳುವಾದಾಗ ಗುಳ್ಳೆ ಒಡೆಯುತ್ತದೆ. ಇಡೀ ಕ್ರಿಯೆಯಲ್ಲಿ ಅವನಿಗೆ ಅತ್ಯಂತ ಪ್ರಿಯವಾದದ್ದು ಇದು. ಒಂದೂ ಗುಳ್ಳೆ ಇಲ್ಲದಿದ್ದರೂ ಟಾರ್ಚ್ ಒಮ್ಮೆ ಹೊತ್ತುತ್ತದೆ.

ಆಮೇಲೆ ಕಾವಲು. ಒಂದು ಪದರ ಮೂರು ಮಿಲಿಮೀಟರ್ ಆಚೀಚೆ. ದಪ್ಪವಾಗಿ ಒಂದೇ ಸಲ ಸುರಿದರೆ ಕಾವು ಏರಿ ಬಿರುಕು ಬಿಡಬಹುದು. ಕೆಲವು ಗಂಟೆ ಕಳೆದು, ಬೆರಳಿಟ್ಟರೆ ತುಸು ಅಂಟುವ ಹಂತದಲ್ಲಿ ಮುಂದಿನ ಪದರ ಬಿದ್ದರೆ ಎರಡೂ ರಾಸಾಯನಿಕವಾಗಿಯೇ ಬೆಸೆಯುತ್ತವೆ. ಆದರೆ ಮೀನು ಬರೆಯಲು ಗಟ್ಟಿ ನೆಲ ಬೇಕು. ಹಾಗಾಗಿ ಒಂದು ದಿನ ಬಿಟ್ಟು, ಉಪ್ಪುಕಾಗದದಲ್ಲಿ ನವಿರಾಗಿ ಉಜ್ಜಿ, ಒರೆಸಿ, ಬರೆದು, ಬಣ್ಣದ ನೀರಿನಂಶ ಪೂರ್ತಿ ಆರಿದ ಮೇಲೆ ಮತ್ತೆ ಸುರಿಯಬೇಕು. ಒಂದು ಅಂಗೈ ಉದ್ದದ ಮೀನಿಗೆ ಹದಿನೈದು ದಿನ ಹಿಡಿದರೆ ಅದು ಚುರುಕಾದ ಕೆಲಸ. ಅಷ್ಟೂ ದಿನ ಚಿತ್ರ ರಟ್ಟಿನ ಡಬ್ಬಿಯೊಂದರ ಕೆಳಗೆ ಇರುತ್ತದೆ, ಡಬ್ಬಿಯ ಮೇಲೆ ಕೆಂಪು ಶಾಯಿಯಲ್ಲಿ ‘ಮುಟ್ಟಬೇಡಿ’ ಎಂದಿರುತ್ತದೆ. ಅತಿ ಹೆಚ್ಚು ಮುಟ್ಟುವವನು ಅದನ್ನು ಬರೆದವನು. ರಾತ್ರಿ ಎರಡು ಗಂಟೆಗೆ ನೀರು ಕುಡಿಯುವ ನೆಪದಲ್ಲಿ ಎದ್ದು, ಡಬ್ಬಿ ಎತ್ತಿ, ಮೂಲೆಯಲ್ಲಿ ಬೆರಳಿಟ್ಟು ನೋಡುತ್ತಾನೆ. ಆಗಿರುವುದಿಲ್ಲ. ಈಗ ಮೂಲೆಯಲ್ಲಿ ಬೆರಳಚ್ಚು ಇರುತ್ತದೆ. ಈ ವರ್ಗದ ಬಹುತೇಕ ಕೃತಿಗಳಿಗೆ ಬೇರೆ ಸಹಿ ಬೇಕಾಗುವುದಿಲ್ಲ.

ಡಬ್ಬಿ ಎತ್ತಿದ ಆ ಕ್ಷಣಕ್ಕೇ ಕಾದಿದ್ದ ಸೊಳ್ಳೆಯೊಂದು ಮೂರನೆಯ ಪದರದಲ್ಲಿ ಇಳಿಯುತ್ತದೆ. ಅದನ್ನು ಚಿಮಟದಲ್ಲಿ ತೆಗೆದರೆ ಕುಳಿ, ತೆಗೆಯದಿದ್ದರೆ ಸೊಳ್ಳೆ. ಅನುಭವಿಗಳು ನಾಲ್ಕನೆಯ ಪದರದಲ್ಲಿ ಅದರ ಮೇಲೊಂದು ತಾವರೆ ಎಲೆ ಬರೆಯುತ್ತಾರೆ. ಹವ್ಯಾಸಿಯ ಕೊಳದಲ್ಲಿ ಎಲೆಗಳು ಹೆಚ್ಚಿದ್ದಷ್ಟೂ ಆ ಮನೆಯ ಕಿಟಕಿಗೆ ಜಾಲರಿ ಇಲ್ಲವೆಂದು ತಿಳಿಯಬಹುದು.

ಹವಾಮಾನ ಈ ಕಲೆಯ ನಿಜವಾದ ವಿಮರ್ಶಕ. ಇಪ್ಪತ್ತೆರಡರಿಂದ ಇಪ್ಪತ್ತೈದು ಡಿಗ್ರಿ, ಒಣ ಗಾಳಿ ಇದ್ದರೆ ಚೆಂದ. ಆಷಾಢ ಶ್ರಾವಣದ ತೇವದಲ್ಲಿ ಹಾರ್ಡನರಿನಲ್ಲಿರುವ ಅಮೀನ್ ಎಂಬ ರಾಸಾಯನಿಕ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಮೇಲ್ಮೈಗೆ ಜಿಡ್ಡಿನ ಮಸುಕು ಕಟ್ಟುತ್ತದೆ. ಬೆಚ್ಚನೆಯ ಸೋಪಿನ ನೀರಿನಲ್ಲಿ ತೊಳೆದರೆ ಅದು ಹೋಗುತ್ತದೆ. ಕಲಾವಿದ ಮಾತ್ರ ಅದಕ್ಕೆ ‘ಮುಂಜಾವಿನ ಮಂಜು’ ಎಂದು ಹೆಸರಿಟ್ಟು ಫೋಟೋ ತೆಗೆದಾಗಿರುತ್ತದೆ. ಮಂಗಳೂರು ಉಡುಪಿ ಕಡೆ ಈ ಮಂಜು ಹೆಚ್ಚುಕಡಿಮೆ ವರ್ಷವಿಡೀ ಬೀಳುವುದರಿಂದ ಅಲ್ಲಿನವರು ಮೊದಲು ಕೊಳ್ಳುವುದು ರೆಸಿನ್ನಲ್ಲ, ತೇವ ಹೀರುವ ಯಂತ್ರ.

ನಗೆಯ ಆಚೆಗಿನ ಮಾತೂ ಒಂದಿದೆ. ಗಟ್ಟಿಯಾಗದ ಎಪಾಕ್ಸಿ ಮತ್ತೆ ಮತ್ತೆ ಚರ್ಮಕ್ಕೆ ತಾಕಿದರೆ ಅಲರ್ಜಿ ಹುಟ್ಟಬಹುದು, ಹುಟ್ಟಿದರೆ ಜೀವಮಾನವಿಡೀ ಉಳಿಯಬಹುದು. ನೈಟ್ರೈಲ್ ಕೈಗವಸು, ಗಾಳಿಯಾಡುವ ಜಾಗ, ಉಜ್ಜುವಾಗ ದೂಳಿಗೆ ತಕ್ಕ ಮಾಸ್ಕ್ ಇರಲೇಬೇಕು. ಕಲಾವಿದ ಇವೆಲ್ಲವನ್ನೂ ಕೊಂಡಿರುತ್ತಾನೆ. ತೊಡುವುದು ವಿಡಿಯೋ ಮಾಡಿಕೊಳ್ಳುವಾಗ.

ಸಿದ್ಧವಾದ ಕೃತಿಯನ್ನು ಮೇಲಿನಿಂದ ನೋಡಬೇಕು. ಬಂದ ನೆಂಟರು ಪಕ್ಕದಿಂದ ನೋಡುತ್ತಾರೆ. ಪಕ್ಕದಿಂದ ಮೀನಿಲ್ಲ, ಒಂದರ ಮೇಲೊಂದು ತೇಲುವ ಬಣ್ಣದ ಗೆರೆಗಳಷ್ಟೇ. “ಮೇಲಿಂದ ನೋಡಿ, ಮೇಲಿಂದ” ಎಂದು ಅವನು ಸೋದರಮಾವನ ಭುಜ ಹಿಡಿದು ಬಗ್ಗಿಸುತ್ತಾನೆ. ಸೊಂಟ ಹಿಡಿದುಕೊಂಡೇ ಬಗ್ಗಿದ ಮಾವ, “ಚೆನ್ನಾಗಿದೆ ಕಣಯ್ಯ, ನೀರು ಯಾವಾಗ ಬದಲಾಯಿಸ್ತೀಯಾ?” ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಪ್ರಶಸ್ತಿ ಈ ಕಲೆಗೆ ಇಲ್ಲ. ಅವನಿಗೆ ಅದು ಗೊತ್ತಾಗುವುದಿಲ್ಲ. ಬೆಳಕಿನಲ್ಲಿ ಚೆನ್ನಾಗಿ ಕಾಣಲೆಂದು ಕೃತಿಯನ್ನು ಕಿಟಕಿಯ ಬಳಿ ಇಡುತ್ತಾನೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ರೆಸಿನ್ ಹಳದಿಯಾಗುತ್ತ ಹೋಗುತ್ತದೆ, ಕೊಳದ ನೀರು ಕೆಲ ವರ್ಷಗಳಲ್ಲಿ ನಿಜಕ್ಕೂ ಬದಲಾಯಿಸಬೇಕಾದ ಬಣ್ಣಕ್ಕೆ ಬರುತ್ತದೆ.

ಪ್ರತಿ ಸಲವೂ ಲೋಟದಲ್ಲಿ ಸ್ವಲ್ಪ ಮಿಗುತ್ತದೆ. ಮಿಕ್ಕದ್ದು ಸಿಲಿಕೋನ್ ಅಚ್ಚಿಗೆ ಬಿದ್ದು ಲೋಟದಡಿಯ ಬಿಲ್ಲೆಯಾಗುತ್ತದೆ, ಬಿಲ್ಲೆ ಗೃಹಪ್ರವೇಶಕ್ಕೆ ಉಡುಗೊರೆಯಾಗುತ್ತದೆ. ಹಲವು ಬಗೆಯ ರೆಸಿನ್ ಐವತ್ತು ಅರವತ್ತು ಡಿಗ್ರಿಗೇ ಮೆತ್ತಗಾಗುತ್ತದೆ. ಫಿಲ್ಟರ್ ಕಾಫಿ ಅದಕ್ಕಿಂತ ಬಿಸಿ. ಲೋಟ ಎತ್ತಿದಾಗ ಬಿಲ್ಲೆಯೂ ಮೇಲೇಳುತ್ತದೆ, ಬಾಯಿಯವರೆಗೆ ಬಂದು ಮಡಿಲಿಗೆ ಬೀಳುತ್ತದೆ. ಉಡುಗೊರೆ ಪಡೆದ ಮನೆಯವರು ಅದನ್ನು ಷೋಕೇಸಿನಲ್ಲಿಟ್ಟು, ಕೊಟ್ಟವನು ಬರುವ ಸುದ್ದಿ ತಿಳಿದಾಗ ಟೀಪಾಯಿಗೆ ತಂದು ತಣ್ಣೀರು ಕೊಡುತ್ತಾರೆ.

ನೆಂಟರ ಷೋಕೇಸುಗಳೆಲ್ಲ ತುಂಬಿದ ಮೇಲೆ ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ, ಅಲ್ಲಿನ ರೆಸಿನ್ ಚಿತ್ರಗಳನ್ನು ಮೂಗಿನ ಅಂತರದಿಂದ ನೋಡುತ್ತ ಗುಳ್ಳೆ ಎಣಿಸುತ್ತಾನೆ. ಬೆಲೆ ಕೇಳಿ, “ಇದನ್ನ ಮನೇಲೇ ಮಾಡ್ಬಹುದು” ಎನ್ನುತ್ತಾನೆ. ಪಕ್ಕದಲ್ಲಿದ್ದ ಹೆಂಡತಿ ಸುಮ್ಮನಿರುತ್ತಾಳೆ. ರೆಸಿನ್, ಬಣ್ಣ, ಟಾರ್ಚ್, ಲೋಟ ಸೇರಿಸಿ ಮನೆಯ ಮೀನಿನ ಅಸಲು ಬೆಲೆ ಎಷ್ಟೆಂದು ಲೆಕ್ಕ ಇಟ್ಟಿರುವುದು ಅವಳೊಬ್ಬಳೇ.

ಈ ಜಾತಿಯ ವಂಶಾಭಿವೃದ್ಧಿ ಕಾರ್ಯಾಗಾರದ ಮೂಲಕ. ಕಲಾವಿದ ಒಂದು ಭಾನುವಾರ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ‘ಒಂದೇ ದಿನದಲ್ಲಿ ರೆಸಿನ್ ಕಲೆ’ ಕಲಿಸುತ್ತಾನೆ. ಬಂದವರು ಏಪ್ರನ್ ತೊಟ್ಟು, ಸುರಿದು, ಟಾರ್ಚ್ ಹಾಯಿಸಿ, ಸಂಜೆ ಇನ್ನೂ ಗಟ್ಟಿಯಾಗದ ಕೊಳಗಳನ್ನು ಎರಡೂ ಕೈಯಲ್ಲಿ ಮಟ್ಟವಾಗಿ ಹಿಡಿದು, ಬಾಗಿಲು ತೆರೆದಿಡಿ ಎಂದು ಕೂಗುತ್ತ ಒಬ್ಬೊಬ್ಬರಾಗಿ ಲಿಫ್ಟ್ ಹತ್ತುತ್ತಾರೆ.